ನಟಿಯರಿಗೆ ಲೈಪೋಸಕ್ಷನ್: ನಾನು ಪಾಲಿಸುವ ಕ್ರಮ

ಸಿನಿಮಾ, ಧಾರಾವಾಹಿಯವರು ಕೊಬ್ಬು ತೆಗೆಸಿಕೊಳ್ಳಲು ಬಂದಾಗ ಮೊದಲು ಬರುವ ಮಾತು ಡೇಟ್ಸ್ ಬಗ್ಗೆ. “ಡಾಕ್ಟ್ರೇ, ಶನಿವಾರ ಮಾಡಿಬಿಡಿ, ಸೋಮವಾರ ಕಾಲ್‌ಶೀಟ್ ಇದೆ.” ದಿನಾ ಪ್ರಸಾರವಾಗುವ ಧಾರಾವಾಹಿಯಲ್ಲಿ ಮುಖ್ಯ ಪಾತ್ರಕ್ಕೆ ಒಂದು ವಾರ ರಜೆ ಸಿಗುವುದೇ ಕಷ್ಟ, ಅದು ನನಗೂ ಗೊತ್ತು. ಆದರೆ ಆ ಅವಸರಕ್ಕೆ ಆಸ್ಪತ್ರೆಯೂ ಹೆಜ್ಜೆ ಹಾಕಲು ಶುರುಮಾಡಿದರೆ ತೊಂದರೆ ಅಲ್ಲಿಂದಲೇ. ಮುಖ ಪರಿಚಯ ಇದೆಯೆಂದು ಒಂದು ರಕ್ತಪರೀಕ್ಷೆ ಬಿಟ್ಟುಬಿಡುತ್ತಾರೆ, ತೂಕ ಕೇಳಲು ಸಂಕೋಚಪಡುತ್ತಾರೆ, ನರ್ಸಿಂಗ್ ಸ್ಟೇಷನ್ ಎದುರಿನ ಹಾಸಿಗೆಯ ಬದಲು ಕಾರಿಡಾರ್ ಕೊನೆಯ ಸ್ಪೆಷಲ್ ರೂಮ್ ಕೊಡುತ್ತಾರೆ. ಗಣ್ಯರೆಂದು ನಡೆಸಿಕೊಂಡದ್ದರಿಂದಲೇ ಚಿಕಿತ್ಸೆ ಕೆಡುವುದಕ್ಕೆ 1964ರಲ್ಲಿ ಅಮೆರಿಕದ ಮನೋವೈದ್ಯ ವಾಲ್ಟರ್ ವೈನ್‌ಟ್ರಾಬ್ ‘ವಿಐಪಿ ಸಿಂಡ್ರೋಮ್’ ಎಂದು ಹೆಸರಿಟ್ಟರು. ಅದನ್ನು ತಪ್ಪಿಸಲು ನನಗೆ ಗೊತ್ತಿರುವ ದಾರಿ ಒಂದೇ: ಬೇರೆಯವರಿಗೆ ಮಾಡುವ ಮಾಮೂಲಿ ಕೆಲಸಗಳಲ್ಲಿ ಒಂದನ್ನೂ ಬಿಡದಿರುವುದು.

ಎರಡು ಭೇಟಿ, ಮಧ್ಯೆ ಎರಡು ವಾರ. ಇದರಲ್ಲಿ ಯಾರಿಗೂ ರಿಯಾಯಿತಿ ಇಲ್ಲ. ಮೊದಲ ಭೇಟಿಯಲ್ಲಿ ಮ್ಯಾನೇಜರನ್ನು ಹೊರಗೆ ಕೂರಿಸುತ್ತೇನೆ, ಏಕೆಂದರೆ ಅವರು ಒಳಗಿದ್ದರೆ ಪ್ರಶ್ನೆಗೆ ಉತ್ತರ ಅವರಿಂದಲೇ ಬರುತ್ತದೆ. ಎಲ್ಲಿ ತೆಗೆಯಬೇಕು, ಎಷ್ಟು ವರ್ಷದಿಂದ ಅದು ಕಾಡುತ್ತಿದೆ, ಅದನ್ನು ಮೊದಲು ಎತ್ತಿ ಆಡಿದವರು ಯಾರು, ದಿನಕ್ಕೆ ಎಷ್ಟು ಹೊತ್ತು ಅದೇ ಯೋಚನೆ? ಎದುರಿಗೆ ಕೂತವರಿಗೆ ಕಾಣದ ಊನವೊಂದು ದಿನಕ್ಕೆ ಒಂದು ಗಂಟೆಗೂ ಮೀರಿ ಕೊರೆಯುತ್ತಿದ್ದರೆ, ಕನ್ನಡಿ ಬಿಟ್ಟು ಬರಲಾಗುತ್ತಿಲ್ಲವೆಂದರೆ ಅದು ಮನೋವೈದ್ಯರು ನೋಡಬೇಕಾದ ಸಂಗತಿ. ನಿಮ್ಹಾನ್ಸ್ ಇರುವ ಊರಿನಲ್ಲಿ ಅಲ್ಲಿಗೊಂದು ಪತ್ರ ಬರೆಯಲು ಸರ್ಜನ್‌ಗೆ ಸಂಕೋಚ ಬೇಡ. ಇಂಥವರಿಗೆ ಶಸ್ತ್ರಚಿಕಿತ್ಸೆ ಎಷ್ಟು ಚೆನ್ನಾಗಿ ಆದರೂ ಸಮಾಧಾನ ಸಿಗುವುದಿಲ್ಲ, ಕಾಟ ಇನ್ನೊಂದು ಜಾಗಕ್ಕೆ ಹೋಗಿ ಕೂರುತ್ತದೆ.

ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಅಳತೆ) 30 ದಾಟಿದವರಿಗೆ ಲೈಪೋಸಕ್ಷನ್ ಬೇಡವೆನ್ನುತ್ತೇನೆ. ಇದು ತೂಕ ಇಳಿಸುವ ಚಿಕಿತ್ಸೆಯಲ್ಲ, ಚರ್ಮದ ಕೆಳಗಿನ ಕೊಬ್ಬಿನ ಆಕಾರ ತಿದ್ದುವ ಕೆಲಸ. ಹೊಟ್ಟೆಯ ಒಳಗೆ ಕರುಳಿನ ಸುತ್ತ ಇರುವ ಕೊಬ್ಬನ್ನು ನಮ್ಮ ಹೀರುಕೊಳವೆ ಮುಟ್ಟುವುದೂ ಇಲ್ಲ, ಮುಟ್ಟಲೂಬಾರದು. ರೋಗಿಯನ್ನು ಮಲಗಿಸಿ, ತಲೆ ಎತ್ತಿಸಿ, ಹೊಕ್ಕುಳ ಹತ್ತಿರ ಬೆರಳಿಟ್ಟು ಕೆಮ್ಮಿಸುತ್ತೇನೆ. ಸಣ್ಣ ಹರ್ನಿಯಾ (ಹೊಟ್ಟೆಯ ಗೋಡೆಯ ಸಂದಿನಿಂದ ಕರುಳು ಹೊರಚಾಚುವುದು) ಇದ್ದು ಗೊತ್ತಾಗದೇ ಹೋದರೆ ಕೊಳವೆ ಅದರೊಳಗೆ ನುಗ್ಗಿ ಕರುಳು ತೂತಾಗುತ್ತದೆ.

ಔಷಧಿಗಳ ಪಟ್ಟಿ ಒಂದೇ ಸಲಕ್ಕೆ ಪೂರ್ತಿ ಬರುವುದಿಲ್ಲ. “ಏನಾದರೂ ಮಾತ್ರೆ ತಗೋತೀರಾ?” ಎಂದರೆ “ಇಲ್ಲ” ಎಂಬ ಉತ್ತರ ಸಿದ್ಧವಾಗಿರುತ್ತದೆ. ಅದಕ್ಕೇ ಒಂದೊಂದೇ ಹೆಸರು ಹಿಡಿದು ಕೇಳುತ್ತೇನೆ. ಗರ್ಭನಿರೋಧಕ ಮಾತ್ರೆ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚಿಸುತ್ತದೆ, ನಾಲ್ಕು ವಾರ ಮೊದಲೇ ನಿಲ್ಲಬೇಕು. ಸಿಗರೇಟು, ವೇಪ್‌ಗೂ ಅದೇ ನಾಲ್ಕು ವಾರ. ಎಕೋಸ್ಪ್ರಿನ್ (ರಕ್ತ ತೆಳುವಾಗಿಸುವ ಆಸ್ಪಿರಿನ್), ಮೀನೆಣ್ಣೆ, ವಿಟಮಿನ್ ಇ ಒಂದು ವಾರ ಮೊದಲು ಬಂದ್. ಶೂಟಿಂಗಿಗೆ ಮುಂಚೆ ಮುಖದ ಊತ ಇಳಿಯಲೆಂದು ನುಂಗುವ, ಮೂತ್ರ ಹೆಚ್ಚಿಸುವ ‘ನೀರಿನ ಮಾತ್ರೆ’ಯಿಂದ ಪೊಟ್ಯಾಸಿಯಂ ಇಳಿದಿರುತ್ತದೆ. 3.5ಕ್ಕಿಂತ ಕಡಿಮೆಯಿದ್ದರೆ ಅರಿವಳಿಕೆಯಲ್ಲಿ ಹೃದಯದ ಲಯ ತಪ್ಪುವ ಭಯ, ಹಾಗಾಗಿ ಮುಂದೂಡುತ್ತೇನೆ. ಹಿಮೋಗ್ಲೋಬಿನ್ 11ಕ್ಕಿಂತ ಕೆಳಗಿದ್ದರೂ ಅಷ್ಟೇ. ಊಟ ಬಿಟ್ಟು ಬಿಟ್ಟು ಸಣ್ಣಗಾದವರಲ್ಲಿ ಇವೆರಡೂ ಒಟ್ಟಿಗೇ ಸಿಗುತ್ತವೆ.

2025ರಲ್ಲಿ ತೂಕ ಇಳಿಸುವ ಮೌಂಜಾರೊ, ವೆಗೋವಿ ಇಂಜೆಕ್ಷನ್‌ಗಳು ನಮ್ಮ ಮಾರುಕಟ್ಟೆಗೆ ಬಂದ ಮೇಲೆ ಕೇಳಲೇಬೇಕಾದ ಪ್ರಶ್ನೆ ಇನ್ನೊಂದಿದೆ: ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಇಂಜೆಕ್ಷನ್ ಏನಾದರೂ ಇದೆಯೇ? ಈ ಔಷಧಿಗಳು ಹೊಟ್ಟೆ ಖಾಲಿಯಾಗುವುದನ್ನು ನಿಧಾನ ಮಾಡುತ್ತವೆ. ಆರು ಗಂಟೆ ಉಪವಾಸವಿದ್ದರೂ ಹಿಂದಿನ ರಾತ್ರಿಯ ಅನ್ನ ಹೊಟ್ಟೆಯಲ್ಲೇ ಇರಬಹುದು. ಅರಿವಳಿಕೆ ಕೊಟ್ಟಾಗ ಅದು ಮೇಲೆ ಬಂದು ಶ್ವಾಸಕೋಶಕ್ಕಿಳಿದರೆ ಐಸಿಯು ಪಾಲು. ನಾನು ಒಂದು ವಾರದ ಡೋಸ್ ಬಿಡಿಸುತ್ತೇನೆ, ಹಿಂದಿನ ದಿನ ಪೂರ್ತಿ ದ್ರವಾಹಾರವೇ, ಅನುಮಾನವಿದ್ದರೆ ಅರಿವಳಿಕೆ ತಜ್ಞರು ಅಲ್ಟ್ರಾಸೌಂಡ್‌ನಲ್ಲಿ ಹೊಟ್ಟೆ ನೋಡಿಯೇ ಮುಂದುವರಿಯುತ್ತಾರೆ. ಇಂಜೆಕ್ಷನ್ ವಿಷಯ ಹೊರಗೆ ಹೋದರೆ ‘ಜಿಮ್‌ನಲ್ಲಿ ಇಳಿಸಿದ್ದು’ ಎಂದ ಸಂದರ್ಶನ ಸುಳ್ಳಾಗುತ್ತದೆಂಬ ಅಂಜಿಕೆ ಅವರಿಗೆ. ಅದನ್ನು ಅರ್ಥಮಾಡಿಕೊಂಡು, ಕೇಸ್‌ಶೀಟ್ ಯಾರು ಯಾರು ತೆರೆಯುತ್ತಾರೆ ಎಂದು ಮೊದಲೇ ಹೇಳಿದರೆ ನಿಜ ಹೇಳುತ್ತಾರೆ.

ಬೇಡವೆಂದರೆ ಬೇರೆ ಕಡೆ ಹೋಗುತ್ತಾರೆ, ಅದು ಖಂಡಿತ. ಗಾಯಕ ಕಾನ್ಯೆ ವೆಸ್ಟ್ ಅವರ ತಾಯಿ ಡೋಂಡಾ ವೆಸ್ಟ್ 2007ರ ನವೆಂಬರಿನಲ್ಲಿ ಸೌಂದರ್ಯ ಶಸ್ತ್ರಚಿಕಿತ್ಸೆಯಾದ ಮರುದಿನ ತೀರಿಕೊಂಡರು. ಮೊದಲು ಅವರನ್ನು ನೋಡಿದ್ದ ಸರ್ಜನ್ ಒಬ್ಬರು ವೈದ್ಯಕೀಯ ತಪಾಸಣೆ ಮಾಡಿಸಿಕೊಂಡು ಬರಬೇಕೆಂದು ಪಟ್ಟು ಹಿಡಿದಿದ್ದಾಗಿ ಬಹಿರಂಗವಾಗಿ ಹೇಳಿದ್ದಾರೆ. ಕ್ಯಾಲಿಫೋರ್ನಿಯಾದಲ್ಲಿ 2009ರಲ್ಲಿ ಅವರ ಹೆಸರಿನಲ್ಲೇ ಕಾನೂನು ಬಂತು: ತಪಾಸಣೆಯಾಗದೆ, ಶಸ್ತ್ರಚಿಕಿತ್ಸೆ ಮಾಡಬಹುದೆಂದು ತಪಾಸಣೆ ಮಾಡಿದವರ ಲಿಖಿತ ಒಪ್ಪಿಗೆಯಿಲ್ಲದೆ ಸೌಂದರ್ಯಕ್ಕಾಗಿ ಕತ್ತಿ ಹಾಕುವಂತಿಲ್ಲ. ಅದಕ್ಕೇ ನಾನು ಬೇಡವೆಂದಾಗ ಬಾಯಿಮಾತಿಗೆ ಬಿಡದೆ ಕಾರಣವನ್ನು ಬರೆದು ರೋಗಿಯ ಕೈಗೆ ಕೊಡುತ್ತೇನೆ. ಮುಂದಿನ ವೈದ್ಯರ ಮೇಜಿಗೆ ಆ ಹಾಳೆಯಾದರೂ ತಲುಪಲಿ.

ಎಲ್ಲಿ ಮಾಡುತ್ತೇವೆ ಎನ್ನುವುದು ಹೇಗೆ ಮಾಡುತ್ತೇವೆ ಎನ್ನುವಷ್ಟೇ ದೊಡ್ಡದು. ಬೆಂಗಳೂರಿನ ಮುಖ್ಯರಸ್ತೆಗಳಲ್ಲಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕ್ಲಿನಿಕ್ ಇರುವುದು ಸಾಮಾನ್ಯ. ಕೆಪಿಎಂಇ (ಕರ್ನಾಟಕದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ) ನೋಂದಣಿ ಸಂಖ್ಯೆ ಕಾಣುವಂತೆ ಹಾಕಿರಬೇಕು, ಅದನ್ನು ನೋಡಿ. ಆಮೇಲೆ ಲಿಫ್ಟ್ ನೋಡಿ. ನಾಲ್ಕು ಜನ ನಿಲ್ಲುವ ಲಿಫ್ಟಿನಲ್ಲಿ ಸ್ಟ್ರೆಚರ್ ಹಿಡಿಸುವುದಿಲ್ಲ, ಗಂಟಲಿಗೆ ಉಸಿರಿನ ಕೊಳವೆ ಹಾಕಿದ ರೋಗಿಯನ್ನು ತಿರುವಿನ ಮೆಟ್ಟಿಲಲ್ಲಿ ಇಳಿಸುವಾಗ ಕೃತಕ ಉಸಿರಾಟ ಸರಿಯಾಗಿ ನಡೆಯುವುದಿಲ್ಲ. ಅಲ್ಲಿಂದ ಆಂಬುಲೆನ್ಸ್ ಸಂಜೆ ಆರಕ್ಕೆ ಒಂದು ಸಿಗ್ನಲ್ ದಾಟಲು ಎಷ್ಟು ಹೊತ್ತು ಬೇಕೆಂಬುದು ಈ ಊರಿನವರಿಗೆ ಹೇಳಬೇಕಾಗಿಲ್ಲ. ಒಂದೇ ಕಟ್ಟಡದಲ್ಲಿ ಐಸಿಯು ಇರಬೇಕು, ಮೊದಲಿನಿಂದ ಕೊನೆಯವರೆಗೆ ಅರಿವಳಿಕೆ ತಜ್ಞರು ಓಟಿಯಲ್ಲೇ (ಶಸ್ತ್ರಚಿಕಿತ್ಸಾ ಕೊಠಡಿ) ಇರಬೇಕು.

ಹೆಸರು ಗುಟ್ಟಾಗಿಡುವಲ್ಲಿ ಒಂದು ಅಪಾಯವಿದೆ, ಬಹಳ ಜನ ಅದನ್ನು ಯೋಚಿಸುವುದಿಲ್ಲ. ನಟಿಯನ್ನು ಸುಳ್ಳು ಹೆಸರಿನಲ್ಲಿ ದಾಖಲಿಸಿದರೆ ರಕ್ತದ ಸ್ಯಾಂಪಲ್ ಮೇಲೆ ಒಂದು ಹೆಸರು, ಕೇಸ್‌ಶೀಟ್‌ನಲ್ಲಿ ಇನ್ನೊಂದು, ಹಳೇ ರಿಪೋರ್ಟಿನಲ್ಲಿ ಮತ್ತೊಂದು ಆಗುತ್ತದೆ. ತುರ್ತಿಗೆ ರಕ್ತ ಬೇಕಾದಾಗ ಬ್ಲಡ್ ಬ್ಯಾಂಕ್ ಸ್ಯಾಂಪಲ್ ವಾಪಸ್ ಕಳಿಸುತ್ತದೆ, ಅಥವಾ ಅದಕ್ಕಿಂತ ಕೆಟ್ಟದಾಗಿ ಬೇರೆ ಗುಂಪಿನ ರಕ್ತ ಬರುತ್ತದೆ. ನಾನು ಬಾಗಿಲ ಬೋರ್ಡಿನಿಂದ, ಓಟಿ ಪಟ್ಟಿಯಿಂದ ಮಾತ್ರ ಹೆಸರು ತೆಗೆಸುತ್ತೇನೆ, ಅಲ್ಲಿ ಆಸ್ಪತ್ರೆಯ ನೋಂದಣಿ ಸಂಖ್ಯೆಯಷ್ಟೇ ಇರುತ್ತದೆ. ಕೈಪಟ್ಟಿ, ಸ್ಯಾಂಪಲ್, ಒಪ್ಪಿಗೆ ಪತ್ರದಲ್ಲಿ ಆಧಾರ್‌ನಲ್ಲಿರುವ ಹೆಸರೇ. ಓಟಿಯೊಳಗೆ ಯಾರ ಮೊಬೈಲೂ ಇಲ್ಲ, ನನ್ನದೂ ಸೇರಿ.

ಇನ್ನು ಓಟಿ. ಇಂದು ಬಳಕೆಯಲ್ಲಿರುವ ಟ್ಯುಮೆಸೆಂಟ್ ವಿಧಾನವನ್ನು ಅಮೆರಿಕದ ಚರ್ಮವೈದ್ಯ ಜೆಫ್ರಿ ಕ್ಲೈನ್ 1987ರಲ್ಲಿ ಪ್ರಕಟಿಸಿದರು: ಸಾಕಷ್ಟು ತೆಳುವಾಗಿಸಿದ ಮರಗಟ್ಟುವ ಔಷಧಿಯನ್ನು ಕೊಬ್ಬಿಗೆ ತುಂಬಿ, ಆಮೇಲೆ ಹೀರುವುದು. ಒಂದು ಲೀಟರ್ ಸಲೈನಿಗೆ 2 ಶೇಕಡಾ ಲಿಗ್ನೋಕೇನ್ (ಅದೇ ಮರಗಟ್ಟುವ ಔಷಧಿ) 25 ಮಿ.ಲೀ., ಎಂದರೆ 500 ಮಿ.ಗ್ರಾಂ., ರಕ್ತನಾಳ ಕುಗ್ಗಿಸುವ ಅಡ್ರಿನಲಿನ್ 1 ಮಿ.ಗ್ರಾಂ., ಸೋಡಿಯಂ ಬೈಕಾರ್ಬೊನೇಟ್ 10 ಮಿ.ಲೀ. ಹಾಕಿಸುತ್ತೇನೆ. ಕ್ಲೈನ್ ಸೂಚಿಸಿದ ಲಿಗ್ನೋಕೇನ್ ಮಿತಿ ದೇಹತೂಕದ ಕೆ.ಜಿ.ಗೆ 35 ಮಿ.ಗ್ರಾಂ. ಕೆಲವರು 55ರವರೆಗೂ ಹೋಗುತ್ತಾರೆ, ನಾನು ಹೋಗುವುದಿಲ್ಲ. ರೋಗಿ 58 ಕೆ.ಜಿ. ಇದ್ದರೆ 35ರಿಂದ ಗುಣಿಸಿ 2,030 ಮಿ.ಗ್ರಾಂ., ಅಲ್ಲಿಗೆ ಒಂದು ಲೀಟರಿನ ನಾಲ್ಕು ಚೀಲ. ಐದನೆಯದನ್ನು ಕಲೆಸುವುದೇ ಇಲ್ಲ. ತೂಕವನ್ನು ಅದೇ ದಿನ ಬೆಳಿಗ್ಗೆ ತಕ್ಕಡಿಯಲ್ಲಿ ನಿಲ್ಲಿಸಿ ನೋಡುತ್ತೇವೆ. ತಾವೇ ಹೇಳುವ ತೂಕದಲ್ಲಿ ನಾಲ್ಕೈದು ಕೆ.ಜಿ. ಹೆಚ್ಚುಕಡಿಮೆ ಇರುತ್ತದೆ, ಆ ವ್ಯತ್ಯಾಸ ಲೆಕ್ಕದಲ್ಲಿ 140ರಿಂದ 175 ಮಿ.ಗ್ರಾಂ. ಆಗುತ್ತದೆ.

ಗೋಡೆಯ ಬಿಳಿ ಹಲಗೆಯ ಮೇಲೆ ಸಿಸ್ಟರ್ ಪ್ರತಿ ಚೀಲಕ್ಕೂ ಒಂದು ಗೆರೆ ಎಳೆಯುತ್ತಾರೆ, ಪಕ್ಕದಲ್ಲಿ ಮಿ.ಗ್ರಾಂ. ಬರೆಯುತ್ತಾರೆ. ಮಿ.ಲೀ.ಯಲ್ಲಿ ಲೆಕ್ಕ ಇಡಲು ಬಿಡುವುದಿಲ್ಲ, ಏಕೆಂದರೆ 1 ಶೇಕಡಾ ಮತ್ತು 2 ಶೇಕಡಾ ಬಾಟಲಿ ಅದಲುಬದಲಾದರೆ ಡೋಸ್ ಒಂದಕ್ಕೆರಡು. ನಿದ್ದೆ ಬರಿಸುವ ಅರಿವಳಿಕೆ ಔಷಧಿ ಪ್ರೊಪೊಫಾಲ್ ಉರಿಯದಿರಲೆಂದು ಅರಿವಳಿಕೆ ತಜ್ಞರು ನರಕ್ಕೆ ಕೊಡುವ ಲಿಗ್ನೋಕೇನ್ ಕೂಡ ಅದೇ ಹಲಗೆಗೆ. ಗಜಕರ್ಣಕ್ಕೆ ನುಂಗುವ ಇಟ್ರಾಕೊನಜೋಲ್, ನೆಗಡಿ ಕೆಮ್ಮಿಗೆ ಬರೆಯುವ ಕ್ಲಾರಿಥ್ರೋಮೈಸಿನ್ ಇವೆಲ್ಲ ಯಕೃತ್ತು ಲಿಗ್ನೋಕೇನನ್ನು ಕರಗಿಸುವುದಕ್ಕೆ ಅಡ್ಡಬರುತ್ತವೆ, ಅಂಥವರ ಮಿತಿಯನ್ನು ಇನ್ನೂ ಇಳಿಸಬೇಕು.

ದ್ರವ ತುಂಬಿದ ಮೇಲೆ 20 ನಿಮಿಷ ಕಾಯುತ್ತೇವೆ. ಚರ್ಮ ಬಿಳಿಚಿಕೊಳ್ಳಬೇಕು, ಕೈಗೆ ತಣ್ಣಗೆ ಬಿಗಿಯಾಗಿ ಸಿಗಬೇಕು. ಗುಲಾಬಿ ಬಣ್ಣ ಹಾಗೇ ಇದ್ದರೆ ಚೀಲಕ್ಕೆ ಅಡ್ರಿನಲಿನ್ ಬಿದ್ದಿಲ್ಲವೆಂದು ಅರ್ಥ. ಆಗ ರಕ್ತವೂ ಹೆಚ್ಚು ಹೋಗುತ್ತದೆ, ಲಿಗ್ನೋಕೇನೂ ಸರಸರ ರಕ್ತಕ್ಕೆ ಸೇರುತ್ತದೆ. ಅಲ್ಲಿಗೇ ನಿಲ್ಲಿಸಬೇಕು. ತುಂಬುವ ದ್ರವವನ್ನು ಮೊದಲೇ 37 ಡಿಗ್ರಿಗೆ ಬಿಸಿಮಾಡಿರಬೇಕು. ನಾಲ್ಕು ಲೀಟರ್ ತಣ್ಣನೆಯ ಸಲೈನ್ ಮೈಗೆ ಹೋದರೆ ದೇಹದ ಉಷ್ಣತೆ ಇಳಿದು ರಕ್ತ ಹೆಪ್ಪುಗಟ್ಟುವುದೂ ಕೆಡುತ್ತದೆ. ಹೀರುವಾಗ 3ರಿಂದ 4 ಮಿ.ಮೀ.ನ ಮೊಂಡು ತುದಿಯ ಕೊಳವೆ, ಎಡಗೈ ಸದಾ ಅದರ ತುದಿಯ ಮೇಲೆ. ಬಾಟಲಿಯಲ್ಲಿ ಮೇಲೆ ಹಳದಿ ಕೊಬ್ಬು, ಕೆಳಗೆ ತಿಳಿಗೆಂಪು ನೀರು ಬೇರೆಯಾಗುತ್ತವೆ. ಕೆಳಗಿನ ನೀರು ಗಾಢ ಕೆಂಪಾದರೆ ಆ ಜಾಗ ಬಿಡುವ ಹೊತ್ತು. ಒಟ್ಟು 5 ಲೀಟರ್ ದಾಟಿದರೆ ಅದು ದೊಡ್ಡ ಪ್ರಮಾಣದ ಲೈಪೋಸಕ್ಷನ್. 58 ಕೆ.ಜಿ.ಯವರಿಗೆ ನಾನು 3 ಲೀಟರ್ ಮೀರುವುದಿಲ್ಲ. “ಹೇಗೂ ಮಲಗಿದ್ದೀನಲ್ಲ, ತೊಡೆ ತೋಳು ಎಲ್ಲ ಒಂದೇ ಸಲ ಮುಗಿಸಿ” ಎಂದರೆ ಎರಡನೇ ಸಲಕ್ಕೆ ಕೆಲವು ತಿಂಗಳು ಬಿಟ್ಟು ಬರಲು ಹೇಳುತ್ತೇನೆ.

ನೀರಿನ ಲೆಕ್ಕದಲ್ಲಿ ಎಡವುವವರು ಬಹಳ. ನಾಲ್ಕು ಲೀಟರ್ ಒಳಗೆ ಹೋಯಿತು. ಹೊರಬಂದ ಮೂರರಲ್ಲಿ ಒಂದು ಲೀಟರ್ ನೀರೆಂದು ಹಿಡಿದರೂ ಇನ್ನು ಮೂರು ಲೀಟರ್ ಚರ್ಮದ ಕೆಳಗೇ ಇದೆ. ಸ್ವಲ್ಪ ತೂತುಗಳಿಂದ ಸೋರುತ್ತದೆ, ಉಳಿದದ್ದು ಗಂಟೆಗಟ್ಟಲೆ ರಕ್ತಕ್ಕೆ ಸೇರುತ್ತಾ ಹೋಗುತ್ತದೆ. ಅದರ ಮೇಲೆ ಅಭ್ಯಾಸಬಲದಿಂದ ಡ್ರಿಪ್ ಬಾಟಲಿ ಒಂದರ ಹಿಂದೊಂದು ಏರಿಸಿದರೆ ಶ್ವಾಸಕೋಶದಲ್ಲಿ ನೀರು ತುಂಬುತ್ತದೆ. ಮೊದಲು ಸಣ್ಣ ಕೆಮ್ಮು, ಉಸಿರಾಟದ ವೇಗ ಏರಿಕೆ, ಆಮ್ಲಜನಕ 94ಕ್ಕಿಂತ ಇಳಿಕೆ, ಆಮೇಲೆ ಗುಲಾಬಿ ನೊರೆ. ಮೊದಲ ಎರಡನ್ನು ಗಮನಿಸಿದರೆ ಡ್ರಿಪ್ ನಿಲ್ಲಿಸಿ, ಕೂರಿಸಿ, ಆಮ್ಲಜನಕ ಮತ್ತು ಮೂತ್ರ ಹೆಚ್ಚಿಸುವ ಫ್ರೂಸೆಮೈಡ್ ಕೊಟ್ಟು ತಿರುಗಿಸಬಹುದು. ಮೂತ್ರ ಗಂಟೆಗೆ ಎಷ್ಟು ಬಂತು ಎಂಬುದೇ ನನ್ನ ದಾರಿದೀಪ: ಕೆ.ಜಿ.ಗೆ ಅರ್ಧದಿಂದ ಒಂದು ಮಿ.ಲೀ. ಬರುತ್ತಿದ್ದರೆ ಡ್ರಿಪ್ ಹೆಚ್ಚಿಸಲು ಕಾರಣವಿಲ್ಲ.

ಆ ರಾತ್ರಿ ಎಲ್ಲರನ್ನೂ ಆಸ್ಪತ್ರೆಯಲ್ಲೇ ಇರಿಸುತ್ತೇನೆ. ಲಿಗ್ನೋಕೇನ್ ರಕ್ತದಲ್ಲಿ ಅತಿ ಹೆಚ್ಚಾಗುವುದು ತುಂಬಿದ ಸುಮಾರು 12 ಗಂಟೆಯ ನಂತರ. ಬೆಳಿಗ್ಗೆ ಎಂಟಕ್ಕೆ ಶುರುಮಾಡಿದರೆ ರಾತ್ರಿ ಎಂಟು ಒಂಬತ್ತಕ್ಕೆ. ಮಧ್ಯಾಹ್ನ ನಗುತ್ತಾ ಎದ್ದು ಕೂತವರನ್ನು ನಾಗರಭಾವಿಗೋ ಕೆಂಗೇರಿಗೋ ಮನೆಗೆ ಕಳಿಸಿದರೆ ಆ ಹೊತ್ತಿಗೆ ಅವರು ಮಲಗಿರುತ್ತಾರೆ, ತುಟಿ ಜೋಮು ಹಿಡಿದದ್ದು, ಕಿವಿಯಲ್ಲಿ ಗುಂಯ್ ಎಂದದ್ದು ಕೇಳುವವರಿಲ್ಲ. ಮುಂದಿನ ಹಂತ ಫಿಟ್ಸ್, ಆಮೇಲೆ ಹೃದಯ. ಇದಕ್ಕೆ ಓಟಿಯಲ್ಲೂ ವಾರ್ಡಿನಲ್ಲೂ 20 ಶೇಕಡಾ ಲಿಪಿಡ್ ಎಮಲ್ಷನ್ (ನರಕ್ಕೆ ಕೊಡುವ ಕೊಬ್ಬಿನ ದ್ರಾವಣ) ಇರಬೇಕು: ಕೆ.ಜಿ.ಗೆ 1.5 ಮಿ.ಲೀ. ಒಮ್ಮೆಗೇ, 58 ಕೆ.ಜಿ.ಗೆ 87 ಮಿ.ಲೀ., ಬಳಿಕ ನಿಮಿಷಕ್ಕೆ ಕೆ.ಜಿ.ಗೆ 0.25 ಮಿ.ಲೀ. ಪ್ರೊಪೊಫಾಲ್ ಕೂಡ ಹಾಲಿನಂತೆಯೇ ಬೆಳ್ಳಗಿರುತ್ತದೆ, ಆದರೆ ಅದು ಇದಕ್ಕೆ ಬದಲಿಯಲ್ಲ, ಕೊಟ್ಟರೆ ಹೃದಯ ಇನ್ನೂ ಕುಸಿಯುತ್ತದೆ. ಅದನ್ನು ನಿದ್ದೆಗೆಂದು ಮನೆಯಲ್ಲೇ ಕೊಡಿಸಿಕೊಂಡು 2009ರಲ್ಲಿ ಮೈಕಲ್ ಜಾಕ್ಸನ್ ತೀರಿಕೊಂಡರು, ಕೊಟ್ಟ ವೈದ್ಯರು 2011ರಲ್ಲಿ ಅಪರಾಧಿಯೆಂದು ತೀರ್ಪಾಯಿತು.

ಸಂಜೆಯೇ ಎಬ್ಬಿಸಿ ನಡೆಸುತ್ತೇವೆ, ಕಾಲಿನಲ್ಲಿ ರಕ್ತ ಗಟ್ಟಿಯಾಗಿ ಶ್ವಾಸಕೋಶಕ್ಕೆ ಹಾರದಿರಲಿ ಎಂದು. ಹಾಸಿಗೆ ಒದ್ದೆಯಾಗುವಷ್ಟು ಕೆಂಪು ನೀರು ಒಂದೆರಡು ದಿನ ಸೋರುತ್ತದೆಂದು ಮೊದಲೇ ತಿಳಿಸದಿದ್ದರೆ ಮನೆಯವರು ಗಾಬರಿಬೀಳುತ್ತಾರೆ. ಒಂದರಿಂದ ಮೂರು ದಿನದೊಳಗೆ ಏದುಸಿರು, ಮಾತು ಗೊಂದಲ, ಎದೆ ಕಂಕುಳಲ್ಲಿ ಸಣ್ಣ ಕೆಂಪು ಚುಕ್ಕೆ ಕಂಡರೆ ಕೊಬ್ಬಿನ ಕಣ ರಕ್ತಕ್ಕೆ ಸೇರಿರಬಹುದು. ಹೊಟ್ಟೆನೋವು ದಿನೇದಿನೇ ಕಡಿಮೆಯಾಗುವ ಬದಲು ಏರಿದರೆ ಸ್ಕ್ಯಾನ್. ಮೂರ್ನಾಲ್ಕು ವಾರದ ಮೇಲೆ ತೂತಿನ ಬಳಿ ಗಂಟು, ಕೀವು ಬಂದರೆ ಆಟಿಪಿಕಲ್ ಮೈಕೋಬ್ಯಾಕ್ಟೀರಿಯಾ (ಕ್ಷಯದ ರೋಗಾಣುವಿನ ಜಾತಿಗೆ ಸೇರಿದ ಬೇರೆ ರೋಗಾಣು) ಅನುಮಾನಿಸಬೇಕು. ಕೊಳವೆಯನ್ನು ಆಟೋಕ್ಲೇವ್ ಮಾಡದೆ (ಒತ್ತಡದ ಹಬೆಯಲ್ಲಿ ರೋಗಾಣು ಸಾಯಿಸದೆ) ದ್ರಾವಣದಲ್ಲಿ ಅದ್ದಿ, ನಲ್ಲಿ ನೀರಲ್ಲಿ ತೊಳೆದರೆ ಬರುವ ಸೋಂಕು ಇದು, ತಿಂಗಳುಗಟ್ಟಲೆ ಔಷಧಿ ಬೇಡುತ್ತದೆ. ಬಿಗಿ ಉಡುಪು ನಾಲ್ಕರಿಂದ ಆರು ವಾರ. ಕೂತು ಮಾತಾಡುವ ದೃಶ್ಯಕ್ಕೆ ಹತ್ತು ದಿನ, ಹಾಡಿಗೆ ಕುಣಿಯಲು ಒಂದು ತಿಂಗಳು. ಮೊದಲ ಎರಡು ವಾರ ಊತದಿಂದ ಕ್ಯಾಮೆರಾದಲ್ಲಿ ಮೊದಲಿಗಿಂತ ದಪ್ಪವೇ ಕಾಣುತ್ತಾರೆ. ಇದನ್ನು ಹೇಳಿದರೆ ಸೋಮವಾರದ ಶೂಟಿಂಗ್ ಮಾತು ತಾನಾಗಿ ನಿಲ್ಲುತ್ತದೆ.

ಹಣದ ಬದಲು ರೀಲ್ಸ್ ಮಾಡಿಕೊಡುತ್ತೇವೆ ಎಂಬ ಮಾತಿಗೆ ಒಪ್ಪುವುದಿಲ್ಲ. ಪ್ರಚಾರದಿಂದ ರೋಗಿಗಳನ್ನು ಸೆಳೆಯುವುದನ್ನು 2002ರ ವೈದ್ಯಕೀಯ ನೀತಿ ನಿಯಮಗಳು ತಡೆಯುತ್ತವೆ. ಅಲ್ಲದೆ ರೀಲ್ಸ್‌ಗೆ ಒಪ್ಪಿಕೊಂಡ ವೈದ್ಯನಿಗೆ ಓಟಿಯ ಬಾಗಿಲಲ್ಲಿ “ಇವತ್ತು ಬೇಡ” ಎನ್ನುವ ಬಾಯಿ ಬರುವುದಿಲ್ಲ. ಫೋಟೋಗೆ ಎರಡು ಸಹಿ ಬೇರೆ ಬೇರೆ ಪಡೆಯುತ್ತೇನೆ, ಒಂದು ಕೇಸ್‌ಶೀಟಿಗೆ, ಇನ್ನೊಂದು ಪಾಠ ಹೇಳಲು.

2022ರ ಮೇ ತಿಂಗಳಲ್ಲಿ ಕಿರುತೆರೆ ನಟಿ ಚೇತನಾ ರಾಜ್ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಯ ನಂತರ ಬೆಂಗಳೂರಿನಲ್ಲಿ ತೀರಿಕೊಂಡರು. ವಯಸ್ಸು 21. ಇಂಥ ಸಾವಾದಾಗ ಚಾನೆಲ್‌ಗಳು ಬೈಟ್ ಕೇಳುತ್ತವೆ. ಕೇಸ್‌ಶೀಟ್ ನೋಡದ ವೈದ್ಯ ಕಾರಣ ಹೇಳಬಾರದು, ನೋಡಿದ ವೈದ್ಯ ನ್ಯಾಯಾಲಯದ ಹೊರಗೆ ರೋಗಿಯ ಗುಟ್ಟು ಹೇಳಬಾರದು. ಆದ್ದರಿಂದ ಆ ಹುಡುಗಿಯ ಬಗ್ಗೆ ಏನನ್ನೂ ಹೇಳುವುದಿಲ್ಲ. ಸಿಕ್ಕ ಒಂದು ನಿಮಿಷದಲ್ಲಿ ನೋಡುವವರು ಕೇಳಬೇಕಾದ ಪ್ರಶ್ನೆಗಳನ್ನಷ್ಟೇ ಹೇಳಬಹುದು: ಸರ್ಜನ್‌ ಅವರ ಕರ್ನಾಟಕ ವೈದ್ಯಕೀಯ ಪರಿಷತ್ತಿನ ನೋಂದಣಿ ಸಂಖ್ಯೆ ಏನು, ಪ್ಲಾಸ್ಟಿಕ್ ಸರ್ಜರಿಯಲ್ಲಿ ಪದವಿ ಇದೆಯೇ, ಅರಿವಳಿಕೆ ಕೊಡುವವರು ಯಾರು, ಅವರು ಕೊನೆಯವರೆಗೂ ಇರುತ್ತಾರೆಯೇ, ಐಸಿಯು ಯಾವ ಮಹಡಿಯಲ್ಲಿದೆ, ರಾತ್ರಿ ಒಂಬತ್ತಕ್ಕೆ ನನ್ನನ್ನು ಬಂದು ನೋಡುವವರು ಯಾರು?