ಲೈಸೆನ್ಸ್ ಬೇಡ ಅನ್ನುವ ಇ-ಸ್ಕೂಟರ್ ಕೊಳ್ಳುವ ಮೊದಲು ಈ ಕಾಗದ ಕೇಳಿ

‘ರಿಜಿಸ್ಟ್ರೇಷನ್ ಬೇಡ, ಲೈಸೆನ್ಸೂ ಬೇಡ’ ಅಂತ ಅಂಗಡಿಯವರು ಹೇಳಿದ ತಕ್ಷಣ ದುಡ್ಡು ಕಟ್ಟಬೇಡಿ. ಕೇಂದ್ರ ಮೋಟಾರು ವಾಹನ ನಿಯಮದಲ್ಲಿ ಈ ವಿನಾಯಿತಿ ಇರುವುದು ನಿಜ. ಆದರೆ ಮೋಟರ್‌ನ ಶಕ್ತಿ 250 ವ್ಯಾಟ್‌ಗಿಂತ ಕಡಿಮೆ ಇರಬೇಕು, ವೇಗ ಗಂಟೆಗೆ 25 ಕಿ.ಮೀ. ಒಳಗಿರಬೇಕು. ಎರಡೂ ಸೇರಿಯೇ ಇರಬೇಕು, ಒಂದಿದ್ದರೆ ಸಾಲದು.

ಇದನ್ನು ಹೇಳಬೇಕಾದವರು ಅಂಗಡಿಯವರಲ್ಲ. ಪುಣೆಯ ಎಆರ್‌ಎಐ, ಮಾನೇಸರದ ಐಕ್ಯಾಟ್‌ನಂಥ ಪರೀಕ್ಷಾ ಸಂಸ್ಥೆಗಳು ಆ ಮಾಡೆಲ್ ಪರೀಕ್ಷಿಸಿ ಸರ್ಟಿಫಿಕೇಟ್ ಕೊಡುತ್ತವೆ. ಅದರ ಪ್ರತಿ ಕೇಳಿ. ಕಂಪನಿಯ ಹೆಸರಷ್ಟೇ ನೋಡಿ ಸುಮ್ಮನಾಗಬೇಡಿ. ಮಾಡೆಲ್, ವೇರಿಯಂಟ್, ಮೋಟರ್ ವಿವರ ನಿಮ್ಮ ಮುಂದಿರುವ ಗಾಡಿಯದ್ದೇನಾ ಅಂತ ಒಂದೊಂದಾಗಿ ಹೋಲಿಸಿ. ಒಂದೇ ಕಂಪನಿಯ ಬೇರೆ ಮಾಡೆಲ್‌ನ ಕಾಗದ ನಿಮ್ಮ ಗಾಡಿಗೆ ನಡೆಯುವುದಿಲ್ಲ.

ಆಮೇಲೆ ಒಂದು ಸುತ್ತು ಓಡಿಸಿ, ಪೂರ್ತಿ ಆಕ್ಸಿಲರೇಟರ್ ಕೊಟ್ಟು ಮೀಟರ್ ನೋಡಿ. 25 ದಾಟಿತಾ? ಆ ಗಾಡಿ ಬಿಟ್ಟುಬಿಡಿ. ‘ಈ ವೈರ್ ತೆಗೆದರೆ ಸ್ಪೀಡ್ ಜಾಸ್ತಿ ಆಗುತ್ತೆ ಸಾರ್’ ಅಂದರೂ ಒಪ್ಪಬೇಡಿ. ಮಿತಿ ದಾಟಿದ ಗಾಡಿಗೆ ವಿನಾಯಿತಿಯೇ ಇಲ್ಲ. ನಂಬರ್ ಇಲ್ಲ, ಇನ್ಶೂರೆನ್ಸ್ ಇಲ್ಲ, ಯಾರಿಗಾದರೂ ಡಿಕ್ಕಿಯಾದರೆ ಪರಿಹಾರದ ಹೊರೆ ಮನೆಯವರ ಮೇಲೆ ಬರುತ್ತದೆ. ಇಂಥ ಗಾಡಿಯನ್ನು ಕಾಲೇಜು ಮಕ್ಕಳ ಕೈಗೆ ಕೊಡುವುದು ನನಗಂತೂ ಭಯ.

ವೇಗದ ಸ್ಕೂಟರೇ ಬೇಕಿದ್ದರೆ ರಿಜಿಸ್ಟ್ರೇಷನ್ ಆಗುವಂಥದ್ದನ್ನೇ ಕೊಳ್ಳಿ. ಅದಕ್ಕೆ ತಯಾರಕರು ಫಾರ್ಮ್ 22 ಕೊಡುತ್ತಾರೆ. ಗಾಡಿ ಸುರಕ್ಷತಾ ನಿಯಮಗಳಿಗೆ ತಕ್ಕಂತಿದೆ ಅನ್ನುವ ಪತ್ರ ಅದು. ಅದರಲ್ಲಿರುವ ಚಾಸಿ ನಂಬರನ್ನು ಫ್ರೇಮ್ ಮೇಲೆ ಕೊರೆದಿರುವ ನಂಬರ್ ಜೊತೆ ಅಂಗಡಿಯಲ್ಲೇ ತಾಳೆ ನೋಡಿ.