ವಾಚು ಯಾವ ಕೈಗೆ ಕಟ್ಟಬೇಕು? ಕುಂಬಳೆಯ ರಿಪೇರಿ ಮೇಜಿನಿಂದ ಒಂದಿಷ್ಟು ಸಲಹೆ

ಹತ್ತನೇ ತರಗತಿ ಪಾಸಾದ ಮಗಳಿಗೋ ಕೆಲಸಕ್ಕೆ ಸೇರಿದ ಮಗನಿಗೋ ವಾಚು ಕೊಂಡವರು ಬೆಲ್ಟಿಗೆ ತೂತು ಹಾಕಿಸಲು ನಮ್ಮ ಅಂಗಡಿಗೆ ಬಂದಾಗ ಕೇಳುವ ಪ್ರಶ್ನೆ ಇದು: "ಅಕ್ಕಾ, ಇದನ್ನು ಎಡಗೈಗೆ ಕಟ್ಟುವುದೋ ಬಲಗೈಗೋ?" ಕೆಲವರು ಗಂಡಸರಿಗೆ ಎಡ, ಹೆಂಗಸರಿಗೆ ಬಲ ಎಂದು ಎಲ್ಲೋ ಕೇಳಿಕೊಂಡು ಬಂದಿರುತ್ತಾರೆ. ಅಂಥ ನಿಯಮ ಯಾವುದೂ ಇಲ್ಲ. ಹೆಚ್ಚು ದುಡಿಯುವ ಕೈಯನ್ನು ಬಿಟ್ಟು ಇನ್ನೊಂದಕ್ಕೆ ಕಟ್ಟಿ ಎಂದು ನಾನು ಎಲ್ಲರಿಗೂ ಹೇಳುತ್ತೇನೆ.

ದುಡಿಯುವ ಕೈ ಯಾವುದೆಂದು ಬರವಣಿಗೆಯಿಂದ ತೀರ್ಮಾನಿಸಬೇಡಿ. ನಮ್ಮ ಕಡೆ ಎಡಚ ಮಕ್ಕಳಿಗೆ ಗದರಿಸಿ ಬಲಗೈಯಲ್ಲಿ ಬರೆಸಿದ ಕಾಲವೊಂದಿತ್ತು. ಹಾಗೆ ಬೆಳೆದವರು ಬರೆಯುವುದು ಬಲಗೈಯಲ್ಲಾದರೂ ಕತ್ತಿ ಹಿಡಿಯುವುದು ಎಡಗೈಯಲ್ಲಿ. ಕಲ್ಲು ಎಸೆಯುವುದು ಯಾವ ಕೈ, ಬಾಟಲಿಯ ಮುಚ್ಚಳ ತಿರುಗಿಸುವುದು ಯಾವ ಕೈ, ತೆಂಗಿನಕಾಯಿ ಒಡೆಯುವಾಗ ಕತ್ತಿ ಇರುವುದು ಯಾವ ಕೈಯಲ್ಲಿ ಎಂದು ನೋಡಿ. ಆ ಕೈಗೆ ವಾಚು ಬೇಡ.

ಹೆಚ್ಚಿನವರು ಎಡಗೈಗೆ ಕಟ್ಟುವುದಕ್ಕೆ ಕಾರಣ ವಾಚಿನ ಕೀ, ಅಂದರೆ ಬದಿಯಲ್ಲಿರುವ ತಿರುಗಿಸುವ ಗುಂಡಿ. ಡಯಲಿನಲ್ಲಿ ಮೂರರ ಅಂಕಿ ಇರುವ ಬದಿಯಲ್ಲಿ ಅದು ಕೂತಿರುತ್ತದೆ. ಎಡಗೈಗೆ ಕಟ್ಟಿದರೆ ಕೀ ಬೆರಳುಗಳ ಕಡೆಗೆ ಬರುತ್ತದೆ, ಬಲಗೈಯ ಹೆಬ್ಬೆರಳಿಗೂ ತೋರುಬೆರಳಿಗೂ ನೇರವಾಗಿ ಸಿಗುತ್ತದೆ. ಬಲಗೈಗೆ ಕಟ್ಟಿದರೆ ಅದು ಮೊಣಕೈಯ ಕಡೆ ತಿರುಗುತ್ತದೆ, ಎಡಗೈ ಡಯಲನ್ನು ದಾಟಿಕೊಂಡು ಹೋಗಿ ಹಿಡಿಯಬೇಕು. 1914ರಿಂದ 1918ರವರೆಗಿನ ಮೊದಲ ಮಹಾಯುದ್ಧಕ್ಕೆ ಮುಂಚೆ ಗಂಡಸರು ಜೇಬಿನ ಗಡಿಯಾರ ಇಟ್ಟುಕೊಳ್ಳುತ್ತಿದ್ದರು, ಕೈಗೆ ಕಟ್ಟುವುದು ಹೆಂಗಸರ ಆಭರಣವೆನಿಸಿತ್ತು. ಬಂದೂಕು ಹಿಡಿದವನು ಜೇಬಿಗೆ ಕೈ ಹಾಕುವಂತಿರಲಿಲ್ಲವಾದ್ದರಿಂದ ಸೈನಿಕರು ಗಡಿಯಾರವನ್ನು ಮಣಿಕಟ್ಟಿಗೆ ತಂದರು. ಅಂದಿನ ಆ ವಾಚುಗಳಿಗೆ ದಿನವೂ ಕೀ ಕೊಡಬೇಕಿತ್ತು. ನಮ್ಮಲ್ಲಿ 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪೆನಿಯ ನೆರವಿನಿಂದ ಬೆಂಗಳೂರಿನಲ್ಲಿ ವಾಚು ತಯಾರಿಸಲು ಶುರುಮಾಡಿತು. ಎಚ್‌ಎಂಟಿಯ ಜನತಾ ಮಾದರಿಯನ್ನು ಬೆಳಿಗ್ಗೆ ಕೀ ಕೊಟ್ಟು ಎಡಗೈಗೆ ಕಟ್ಟಿಕೊಂಡು ಶಾಲೆಗೋ ಕಚೇರಿಗೋ ಹೊರಡುತ್ತಿದ್ದ ತಲೆಮಾರಿನಿಂದಲೇ ನಮಗೆ ಈ ರೂಢಿ ಬಂದಿದೆ.

ಕೀ ಕೊಡುವ ವಾಚು ಇನ್ನೂ ಇಟ್ಟುಕೊಂಡವರಿಗೆ ಒಂದು ಮಾತು. ದಯವಿಟ್ಟು ಕೈಯಲ್ಲಿರುವಾಗಲೇ ಕೀ ಕೊಡಬೇಡಿ. ಮಣಿಕಟ್ಟು ಅಡ್ಡ ಬಂದು ಬೆರಳು ಕೀಯನ್ನು ಓರೆಯಾಗಿ ಎಳೆಯುತ್ತದೆ, ಒಳಗಿನ ಸಣ್ಣ ಕಡ್ಡಿ ದಿನದಿನವೂ ಬಾಗಿ ಕೊನೆಗೆ ಮುರಿಯುತ್ತದೆ. ಬಿಚ್ಚಿ, ಅಂಗೈಯಲ್ಲಿಟ್ಟುಕೊಂಡು, ದಿನವೂ ಒಂದೇ ಹೊತ್ತಿಗೆ ಕೊಡಿ. ಬಿಗಿಯಾಯಿತೆಂದು ತಿಳಿದ ಕೂಡಲೇ ನಿಲ್ಲಿಸಿ.

ಸೆಲ್ಲಿನ ವಾಚಿಗೆ ಕೀ ಬೇಕಾಗುವುದು ಸಮಯ ಅಥವಾ ತಾರೀಕು ತಿದ್ದುವಾಗ ಮಾತ್ರ. ಹಾಗಾಗಿ ಈಗ ಎಡಗೈಯೇ ಆಗಬೇಕೆಂಬ ಕಟ್ಟುಪಾಡು ಉಳಿದಿಲ್ಲ. ಹತ್ತರಲ್ಲಿ ಸುಮಾರು ಒಬ್ಬರು ಎಡಚರು. ಅವರು ಸಾಮಾನ್ಯ ವಾಚನ್ನೇ ಬಲಗೈಗೆ ಕಟ್ಟಿಕೊಳ್ಳಬಹುದು. ಕೀ ಎಡಬದಿಗಿರುವ ವಾಚುಗಳೂ ಬರುತ್ತವೆ. ರೋಲೆಕ್ಸ್ ಕಂಪೆನಿ 2022ರಲ್ಲಿ ಅಂಥದ್ದೊಂದನ್ನು ತಂದಿತು. ಆದರೆ ಅದನ್ನು ಹುಡುಕಿಕೊಂಡು ಹೋಗುವ ಅಗತ್ಯ ನಮ್ಮ ಮಕ್ಕಳಿಗಿಲ್ಲ. ಬಲಗೈಗೆ ಕಟ್ಟುವುದರಲ್ಲಿ ಒಂದು ಲಾಭವೂ ಇದೆ: ಕೈ ಮಡಚಿದಾಗ ಕೀ ಮುಂಗೈಗೆ ಒತ್ತುವುದಿಲ್ಲ. ಎಡಚ ಮಗು ಬಲಗೈಗೆ ವಾಚು ಕಟ್ಟಿಕೊಂಡು ಬಂದರೆ "ಅದು ತಪ್ಪು, ಬಿಚ್ಚು" ಎನ್ನುವ ಹಿರಿಯರನ್ನು ನಾನು ಅಂಗಡಿಯಲ್ಲೇ ತಡೆಯುತ್ತೇನೆ. ಮಗು ಸರಿಯಾಗಿಯೇ ಕಟ್ಟಿಕೊಂಡಿರುತ್ತದೆ.

ಬಲಗೈಯಲ್ಲಿ ದುಡಿಯುವವರು ಬಲಗೈಗೇ ಕಟ್ಟಿದರೆ ಎದುರಾಗುವ ಮೊದಲ ತೊಂದರೆ ಊಟದ್ದು. ಉಣ್ಣುವುದು ಆ ಕೈಯಲ್ಲಿ, ಉಂಡು ತೊಳೆಯುವುದೂ ಅದನ್ನೇ. ದಿನಕ್ಕೆ ಮೂರು ಹೊತ್ತು ನೀರು ಮಣಿಕಟ್ಟಿಗೆ ಇಳಿಯುತ್ತದೆ, ಸಾರಿನ ಎಣ್ಣೆ ಬೆಲ್ಟಿನ ತೂತಿಗೆ ಹಿಡಿಯುತ್ತದೆ. ವಾಚಿನ ಹಿಂದೆ 30 ಮೀಟರ್ ಎಂದು ಕೊರೆದಿರುವುದನ್ನು ತೋರಿಸಿ, ಇದಕ್ಕೆ ನೀರು ಹೋಗುವುದಿಲ್ಲವಲ್ಲ ಎನ್ನುವವರಿದ್ದಾರೆ. ಆ ಅಂಕಿಯನ್ನು ನಂಬಿ ಈಜಲು ಹೋಗುವಂತಿಲ್ಲ, ಅಕಸ್ಮಾತ್ ಬಿದ್ದ ಹನಿಗಳನ್ನು ತಡೆಯುತ್ತದೆ, ಅಷ್ಟೆ. ಒಳಗಿನ ರಬ್ಬರ್ ವಾಷರ್ ಹಳತಾದರೆ ಅದೂ ಇಲ್ಲ. ಕಾಸರಗೋಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಸುರಿಯುತ್ತದೆ. ಜೂನ್ ಕಳೆದ ಮೇಲೆ ಗಾಜಿನೊಳಗೆ ಮಂಜು ಕಟ್ಟಿದ ವಾಚುಗಳು ನನ್ನ ಮೇಜಿನ ಮೇಲೆ ಸಾಲುಗಟ್ಟುತ್ತವೆ.

ಎರಡನೆಯದು ಪೆಟ್ಟು. ಕೀ ಕೊಡುವ ವಾಚಿನೊಳಗೆ ಅತ್ತಿತ್ತ ಆಡುತ್ತಾ ಸಮಯದ ಲಯ ಹಿಡಿಯುವ ಬ್ಯಾಲೆನ್ಸ್ ಚಕ್ರ ನಿಂತಿರುವುದು ಕೂದಲೆಳೆಯಷ್ಟು ತೆಳ್ಳಗಿನ ತುದಿಗಳ ಮೇಲೆ. ಕೊಡಲಿ ಬೀಸುವ, ಸುತ್ತಿಗೆ ಹೊಡೆಯುವ ಕೈಯಲ್ಲಿ ಅದು ಬಹಳ ಕಾಲ ಬಾಳುವುದಿಲ್ಲ. ಸೆಲ್ಲಿನ ವಾಚು ಇದನ್ನು ಹೆಚ್ಚು ತಾಳುತ್ತದೆ, ಆದರೂ ಬೆಲ್ಟಿನ ಪಿನ್ನು ಹಾರಿಹೋಗುತ್ತದೆ. ಚೆಂಡೆ, ಮದ್ದಳೆ ಬಾರಿಸುವವರು ಎರಡೂ ಕೈಗಳಲ್ಲಿ ದುಡಿಯುವುದರಿಂದ ಬಿಚ್ಚಿಡುವುದೇ ಸರಿ.

ಅಡಕೆ ತೋಟದವರಿಗೆ ನಾನು ಒತ್ತಿ ಹೇಳುವುದು ಬೇರೆಯೇ ಇದೆ. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವ ದಿನ ಯಾವ ಕೈಗೂ ವಾಚು ಬೇಡ. ಅದರಲ್ಲಿರುವ ಮೈಲುತುತ್ತ ಕಬ್ಬಿಣ, ಹಿತ್ತಾಳೆಗಳನ್ನು ತಿನ್ನುತ್ತದೆ. ಚೈನಿನ ಸಂದುಗಳಲ್ಲಿ ಹಸಿರು ಕಲೆ ಕೂತ ಮೇಲೆ ಚೈನನ್ನೇ ಬದಲಿಸಬೇಕಾಗುತ್ತದೆ. ಬೆಳಗಿನ ಜಾವ ರಬ್ಬರ್ ಟ್ಯಾಪಿಂಗಿಗೆ ಹೋಗುವವರೂ ಹಾಲು ಚೆಲ್ಲುವ ಕಡೆ ಬೆಲ್ಟಿನ ವಾಚು ಬೇಡ ಎಂದು ತಿಳಿಯಬೇಕು, ಒಣಗಿದ ರಬ್ಬರ್ ಬಕಲಿನಿಂದ ಸುಲಭಕ್ಕೆ ಬಿಡುವುದಿಲ್ಲ.

ಬೈಕು, ಸ್ಕೂಟರ್ ಓಡಿಸುವವರು ವಾಚನ್ನು ಮಣಿಕಟ್ಟಿನ ಗಂಟಿಗಿಂತ ಒಂದು ಬೆರಳು ಮೇಲಕ್ಕೆ ಕಟ್ಟಬೇಕು. ಆಕ್ಸಲರೇಟರ್ ತಿರುಗಿಸುವುದು ಬಲಗೈ, ಆದ್ದರಿಂದ ಎಡಗೈಯಲ್ಲಿರುವ ವಾಚು ಕೈಗೆ ಅಡ್ಡಿಯಾಗದು. ಇನ್ನು ಡಯಲನ್ನು ಒಳಬದಿಗೆ, ನಾಡಿ ಮಿಡಿಯುವ ಕಡೆಗೆ ತಿರುಗಿಸಿ ಕಟ್ಟುವವರಿದ್ದಾರೆ. ನಮ್ಮ ಕಡೆಯ ಹಿರಿಯ ಹೆಂಗಸರಲ್ಲಿ ಇದು ಸಾಮಾನ್ಯವಾಗಿತ್ತು. ಬಸ್ಸಿನ ಬಾಗಿಲಿಗೋ ಗೋಡೆಗೋ ತಗಲುವ ಪೆಟ್ಟಿನಿಂದ ಗಾಜು ಉಳಿಯುತ್ತದೆ, ಹ್ಯಾಂಡಲ್ ಹಿಡಿದಿರುವಾಗಲೂ ಕೈ ತಿರುಗಿಸದೆ ಸಮಯ ಕಾಣುತ್ತದೆ. ಆದರೆ ಮೇಜಿನ ಮೇಲೆ ಕೈಯಿಟ್ಟು ಬರೆಯುವವರಿಗೆ, ಕಂಪ್ಯೂಟರ್ ಮುಂದೆ ಕೂರುವವರಿಗೆ ಇದು ಒಗ್ಗದು, ಗಾಜು ನೇರವಾಗಿ ಮೇಜಿಗೆ ಉಜ್ಜುತ್ತದೆ.

ಕೊಲ್ಲಿ ದೇಶಗಳಿಂದ ಬಂದವರು ತರುವ ಸೀಕೋ ಆಟೋಮ್ಯಾಟಿಕ್ ವಾಚುಗಳು ನಮ್ಮೂರಿನಲ್ಲಿ ಮನೆಮನೆಯಲ್ಲಿವೆ. ಅವುಗಳೊಳಗೆ ಒಂದು ಅರೆಚಂದ್ರಾಕಾರದ ತೂಕವಿರುತ್ತದೆ, ಕೈ ಆಡಿದಾಗ ಅದು ತಿರುಗಿ ಸ್ಪ್ರಿಂಗನ್ನು ಸುತ್ತುತ್ತದೆ. ದುಡಿಯುವ ಕೈಗೆ ಕಟ್ಟಿದರೆ ಚೆನ್ನಾಗಿ ತುಂಬುವುದಲ್ಲವೇ ಎಂದು ಕೇಳುತ್ತಾರೆ. ನಡೆದಾಡುವವರಿಗೆ ಯಾವ ಕೈಯಾದರೂ ಸಾಕು, ಹಗಲಿಡೀ ಕಟ್ಟಿದ್ದರೆ ತುಂಬುತ್ತದೆ, ಬಿಚ್ಚಿಟ್ಟ ಮೇಲೆಯೂ ಸುಮಾರು 40 ಗಂಟೆ ಓಡುತ್ತದೆ. ಇಡೀ ದಿನ ಕುರ್ಚಿಯಲ್ಲಿರುವ ಅಜ್ಜಂದಿರ ಕೈಯಲ್ಲಿ ಮಾತ್ರ ಅದು ನಿಲ್ಲುತ್ತದೆ. ಅಂಥವರು ದುಡಿಯುವ ಕೈಗೇ ಕಟ್ಟಲಿ, ಅವರಿಗೆ ಪೆಟ್ಟಿನ ಭಯವೂ ಇಲ್ಲ.

ಸ್ಮಾರ್ಟ್ ವಾಚಿನಲ್ಲಿ ಯಾವ ಕೈಗೆ ಕಟ್ಟಿದ್ದೀರಿ ಎಂದು ಸೆಟ್ಟಿಂಗ್ಸ್‌ನಲ್ಲಿ ಕೇಳಿದರೆ ತಪ್ಪದೆ ತಿಳಿಸಿ. ಹಿಂಬದಿಯ ಹಸಿರು ಬೆಳಕು ಚರ್ಮದ ಕೆಳಗಿನ ರಕ್ತದ ಹರಿವನ್ನು ನೋಡಿ ನಾಡಿ ಎಣಿಸುತ್ತದೆ. ಸಡಿಲವಾಗಿದ್ದರೆ ಲೆಕ್ಕ ತಪ್ಪುತ್ತದೆ.

ಬಲದಿಂದಲೇ ಶುಭ ಎಂಬ ನಂಬಿಕೆಯಿಂದ ಬಲಗೈಗೆ ಕಟ್ಟುವ ಗಿರಾಕಿಗಳೂ ನನಗಿದ್ದಾರೆ. ಅವರಿಗೆ ನಾನು ಎಡಗೈಗೆ ಕಟ್ಟಿ ಎನ್ನುವುದಿಲ್ಲ, ಉಣ್ಣುವ ಮೊದಲು ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ ಎನ್ನುತ್ತೇನೆ. ದೇವಸ್ಥಾನದ ದಾರ ಕಟ್ಟಿದ ಕೈಗೆ ಮಾತ್ರ ವಾಚು ಬೇಡ. ಒದ್ದೆ ದಾರ ನೀರು ಹಿಡಿದಿಟ್ಟುಕೊಳ್ಳುತ್ತದೆ, ಕೆಳಗೆ ತುರಿಕೆ, ವಾಚಿನ ಹಿಂಬದಿಯಲ್ಲಿ ತುಕ್ಕು. ಬಳೆಗಳಿರುವ ಕೈಯೂ ಹಾಗೆಯೇ: ಚಿನ್ನದ ಬಳೆಗೆ ಚೈನು ಗೀರು ಹಾಕುತ್ತದೆ, ಗಾಜಿನ ಬಳೆ ವಾಚಿಗೆ ಗೀರು ಹಾಕುತ್ತದೆ.

ಬಿಗಿ ಎಷ್ಟಿರಬೇಕು? ಬೆಲ್ಟಿನ ಕೆಳಗೆ ಕಿರುಬೆರಳು ತೂರುವಷ್ಟು. ಸ್ಮಾರ್ಟ್ ವಾಚು ಅದಕ್ಕಿಂತ ಸ್ವಲ್ಪ ಬಿಗಿ, ಆದರೆ ಚರ್ಮದ ಮೇಲೆ ಗುರುತು ಉಳಿಯುವಷ್ಟಲ್ಲ. ಸೆಕೆಗೆ ಮೈ ಬೆವರುವ ನಮ್ಮ ಕರಾವಳಿಯಲ್ಲಿ ಚರ್ಮದ ಬೆಲ್ಟು ಬೇಗ ಕೊಳೆಯುತ್ತದೆ, ಮಳೆಗಾಲಕ್ಕೆ ರಬ್ಬರ್ ಅಥವಾ ನೈಲಾನ್ ಹಾಕಿಸಿ. ಚರ್ಮ ಕೆಂಪಾದರೆ ಕೆಲವು ದಿನ ಇನ್ನೊಂದು ಕೈಗೆ ಕಟ್ಟಿ, ರಾತ್ರಿ ಬಿಚ್ಚಿಡಿ.

ಚೈನಿನ ವಾಚು ಕೊಂಡವರು ಕೊಂಡಿ ತೆಗೆಸುವ ಮುಂಚೆಯೇ ಕೈಯನ್ನು ನಿಶ್ಚಯಿಸಿಕೊಳ್ಳಿ. ಹೆಚ್ಚಿನವರಲ್ಲಿ ದುಡಿಯುವ ಕೈಯ ಮಣಿಕಟ್ಟು ಸ್ವಲ್ಪ ದಪ್ಪ, ಬಲಗೈಗೆ ಅಳತೆ ಮಾಡಿಸಿದ ಚೈನು ಎಡಗೈಯಲ್ಲಿ ಜಾರುತ್ತದೆ. ಬೆಳಿಗ್ಗೆ ಅಳೆಸುವುದಕ್ಕಿಂತ ಸಂಜೆ ಅಳೆಸುವುದು ಒಳ್ಳೆಯದು, ಸೆಕೆಗೆ ಕೈ ಕೊಂಚ ಊದಿಕೊಂಡಿರುತ್ತದೆ. ತೆಗೆದ ಕೊಂಡಿಗಳನ್ನೂ ಪಿನ್ನುಗಳನ್ನೂ ಅಂಗಡಿಯಲ್ಲಿ ಬಿಟ್ಟು ಹೋಗದೆ ಕಾಗದದಲ್ಲಿ ಸುತ್ತಿ ಬಿಲ್ಲಿನ ಜೊತೆ ಇಟ್ಟುಕೊಳ್ಳಿ. ಮೈ ತುಂಬಿಕೊಂಡರೂ, ಮುಂದೆ ಬೇರೆ ಕೈಗೆ ಕಟ್ಟಬೇಕೆನಿಸಿದರೂ ಅವೇ ಬೇಕಾಗುತ್ತವೆ. ಹಳೆಯ ಮಾದರಿಗಳಿಗೆ ಸರಿಹೊಂದುವ ಕೊಂಡಿ ಪೇಟೆಯಲ್ಲಿ ಸಿಗುವುದೇ ಕಷ್ಟ.