ಕಾರ್ಬ್ಯುರೇಟರ್ ಕಳೆದುಕೊಂಡ ಮೇಲೆ

2019ರ ಆಯುಧಪೂಜೆಯ ದಿನ ಪೀಣ್ಯದ ನಮ್ಮ ಶೆಡ್ಡಿನಲ್ಲಿದ್ದ ಆರು ಟ್ರಾಬ್ ಯಂತ್ರಗಳಿಗೂ (ಕ್ಯಾಮ್ ಎಂಬ ಉಬ್ಬುತಗ್ಗಿನ ಚಕ್ರಗಳಿಂದ ತಾನಾಗಿ ನಡೆಯುವ ಹಳೆಯ ಬಗೆಯ ಲೇತ್) ಕಂಪ್ಯೂಟರ್ ನಡೆಸುವ ಎರಡು ಸಿಎನ್‌ಸಿ ಲೇತ್‌ಗಳಿಗೂ ಎಂದಿನಂತೆ ಅರಿಶಿನ ಕುಂಕುಮ ಹಚ್ಚಿ, ಚೆಂಡುಹೂವಿನ ಹಾರ ಹಾಕಿ, ಬಾಗಿಲಲ್ಲಿ ಬೂದುಗುಂಬಳಕಾಯಿ ಒಡೆದೆವು. ಬೇರೆ ವರ್ಷಗಳಲ್ಲಾದರೆ ಪೂಜೆ ಕಳೆದ ಮೊದಲ ಶಿಫ್ಟ್‌ನಲ್ಲೇ ಆ ಕುಂಕುಮ ಎಣ್ಣೆಯಲ್ಲಿ ಕಲೆಸಿ ಹೋಗುತ್ತಿತ್ತು. ಆ ವರ್ಷ ದೀಪಾವಳಿ ಮುಗಿದರೂ ನಾಲ್ಕು ಟ್ರಾಬ್‌ಗಳ ಮೇಲೆ ಅದು ಹಚ್ಚಿದ ಹಾಗೆಯೇ ಒಣಗಿಕೊಂಡಿತ್ತು.

ನಾವು ಮಾಡುತ್ತಿದ್ದದ್ದು ಬೈಕು, ಸ್ಕೂಟರ್‌ಗಳ ಕಾರ್ಬ್ಯುರೇಟರಿಗೆ, ಅಂದರೆ ಪೆಟ್ರೋಲು ಗಾಳಿ ಬೆರೆಸಿ ಎಂಜಿನ್ನಿಗೆ ಕೊಡುವ ಭಾಗಕ್ಕೆ, ಬೇಕಾದ ಹಿತ್ತಾಳೆಯ ಜೆಟ್ಟುಗಳು (ಪೆಟ್ರೋಲು ಅಳತೆಯಾಗಿ ಹರಿಯುವ ಸಣ್ಣ ತೂತಿನ ಬಿಡಿಭಾಗ), ಪುಟ್ಟ ಸ್ಕ್ರೂಗಳು. ಒಂದೊಂದೂ ಬಟಾಣಿ ಕಾಳಿನಷ್ಟು. ನಮ್ಮಿಂದ ಒಬ್ಬರಿಗೆ, ಅವರಿಂದ ಕಾರ್ಬ್ಯುರೇಟರ್ ಜೋಡಿಸುವವರಿಗೆ, ಅಲ್ಲಿಂದ ವಾಹನ ಕಂಪನಿಗೆ. ಸರಪಳಿಯ ಕೊನೆಯ ಕೊಂಡಿ ನಾವು. ಸುದ್ದಿ ನಮಗೆ ತಲುಪುವುದು ಎಲ್ಲರಿಗಿಂತ ತಡವಾಗಿ, ಪೆಟ್ಟು ಮಾತ್ರ ಎಲ್ಲರಿಗಿಂತ ಮೊದಲು.

ಆ ವರ್ಷದ ಕುಸಿತಕ್ಕೆ ಕಾರಣ ಒಂದೇ ಆಗಿರಲಿಲ್ಲ. 2018ರ ಸೆಪ್ಟೆಂಬರಿನಲ್ಲಿ ಐಎಲ್ ಅಂಡ್ ಎಫ್ಎಸ್ ಎಂಬ ದೊಡ್ಡ ಹಣಕಾಸು ಸಂಸ್ಥೆ ಸಾಲ ತೀರಿಸಲಾಗದೆ ಕುಸಿದ ಮೇಲೆ ವಾಹನ ಸಾಲ ಕೊಡುವ ಬ್ಯಾಂಕೇತರ ಕಂಪನಿಗಳು ಕೈ ಬಿಗಿ ಮಾಡಿದವು. ಅದೇ ತಿಂಗಳು ಹೊಸ ದ್ವಿಚಕ್ರ ವಾಹನಕ್ಕೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆಯನ್ನು ಒಟ್ಟಿಗೆ ಕಟ್ಟಬೇಕು ಎಂದಾಯಿತು. ಕಂತಿನಲ್ಲಿ ಬೈಕ್ ಕೊಳ್ಳುವವನಿಗೆ ಕೆಲವು ಸಾವಿರ ರೂಪಾಯಿ ಹೆಚ್ಚಾದರೂ ಅದು ದೊಡ್ಡ ಮಾತೇ. 2019ರ ಆಗಸ್ಟ್‌ನಲ್ಲಿ ಹಿಂದಿನ ವರ್ಷದ ಆಗಸ್ಟ್‌ಗೆ ಹೋಲಿಸಿದರೆ ಕಾರುಗಳಂಥ ಪ್ರಯಾಣಿಕ ವಾಹನಗಳ ಮಾರಾಟ ಶೇ 31ಕ್ಕೂ ಹೆಚ್ಚು, ದ್ವಿಚಕ್ರ ವಾಹನಗಳದ್ದು ಸುಮಾರು ಶೇ 22 ಇಳಿದಿತ್ತು. ನಮ್ಮ ತಿಂಗಳ ಶೆಡ್ಯೂಲ್, ಅಂದರೆ ಗಿರಾಕಿ ಆ ತಿಂಗಳಿಗೆ ಕೊಡುವ ಆರ್ಡರ್, ಮಾತ್ರ ಅರ್ಧಕ್ಕಿಂತ ಕೆಳಗೆ ಬಂದಿತ್ತು. ಈ ಎರಡು ಅಂಕಿಗಳು ಯಾಕೆ ತಾಳೆಯಾಗುತ್ತಿಲ್ಲ ಎಂದು ನಾನು ಅಂದೇ ಕೇಳಿಕೊಳ್ಳಬೇಕಿತ್ತು. ಕೇಳಿಕೊಳ್ಳಲಿಲ್ಲ. ಗಿರಾಕಿಯ ಖರೀದಿ ವಿಭಾಗದವರು "ಹಬ್ಬ ಕಳೆಯಲಿ ಸಾರ್" ಎಂದರು. ನಾನೂ ಹಬ್ಬ ಕಳೆಯಲಿ ಎಂದೇ ಕುಳಿತೆ.

ಉತ್ತರ ಸಿಕ್ಕಿದ್ದು 2020ರ ಆರಂಭದಲ್ಲಿ, ಪರಿಚಿತ ಮೆಕ್ಯಾನಿಕ್ ಒಬ್ಬರ ಅಂಗಡಿಯಲ್ಲಿ. ಹೊಗೆ ಮಾಲಿನ್ಯದ ಹೊಸ ನಿಯಮವಾದ ಬಿಎಸ್ 6ಕ್ಕೆ ತಕ್ಕಂತೆ ಮಾಡಿದ ಸ್ಕೂಟರೊಂದರ ಸೀಟಿನ ಕೆಳಗಿನ ಭಾಗ ಬಿಚ್ಚಿಟ್ಟಿದ್ದರು. ನನ್ನ ಜೆಟ್ ಇರಬೇಕಾದ ಜಾಗದಲ್ಲಿ ಕಾರ್ಬ್ಯುರೇಟರೇ ಇರಲಿಲ್ಲ. ಗಾಳಿ ಬಿಡುವ ಥ್ರಾಟಲ್ ಬಾಡಿ, ಪೆಟ್ರೋಲು ಚಿಮ್ಮುವ ಇಂಜೆಕ್ಟರ್, ನಾಲ್ಕಾರು ವೈರು. "ಇನ್ನು ಮೇಲೆ ಬಹುತೇಕ ಎಲ್ಲ ಹೀಗೇ ಅಣ್ಣಾ, ಸ್ಕ್ರೂಡ್ರೈವರ್ ತಿರುಗಿಸಿ ಟ್ಯೂನ್ ಮಾಡುವ ಕಾಲ ಮುಗಿಯಿತು" ಎಂದರು ಅವರು. ಅವರಿಗೆ ಅವರ ಚಿಂತೆ. ಬಿಎಸ್ 6 ಬರುವ ದಿನ 2020ರ ಏಪ್ರಿಲ್ 1 ಎಂಬುದು ಸರ್ಕಾರ 2016ರಲ್ಲೇ ಹೇಳಿದ್ದ ಮಾತು. ನಾಲ್ಕು ವರ್ಷ ಗೋಡೆಯ ಮೇಲೆ ಬರೆದಿಟ್ಟಿದ್ದನ್ನು ನಾನು ಓದಿರಲಿಲ್ಲ. ಮಾರುಕಟ್ಟೆ ಮಲಗಿದೆ, ಎದ್ದಾಗ ನಮ್ಮ ಆರ್ಡರೂ ಏಳುತ್ತದೆ ಎಂದುಕೊಂಡಿದ್ದೆ. ಮಾರುಕಟ್ಟೆ ಏಳುವುದಿತ್ತು, ನಮ್ಮ ಜೆಟ್ ಏಳುವುದಿರಲಿಲ್ಲ.

ಅಷ್ಟರಲ್ಲಿ ಲಾಕ್‌ಡೌನ್ ಬಂತು. ಆ ಏಪ್ರಿಲ್‌ನಲ್ಲಿ ಮಾರುತಿಯಂಥ ಕಂಪನಿಯೇ ದೇಶದೊಳಗೆ ಒಂದು ಕಾರನ್ನೂ ಮಾರಲಿಲ್ಲ ಎಂದ ಮೇಲೆ ನಮ್ಮ ಪಾಡು ವಿವರಿಸುವ ಅಗತ್ಯವಿಲ್ಲ. ನಮ್ಮ ಹನ್ನೊಂದು ಜನರಲ್ಲಿ ಐವರು ಬಿಹಾರ, ಒಡಿಶಾದವರು. ಮೇ ತಿಂಗಳಲ್ಲಿ ಚಿಕ್ಕಬಾಣಾವರದಿಂದ ಶ್ರಮಿಕ ರೈಲು ಹತ್ತಿ ಹೋದರು. ಇಬ್ಬರು ಮಾತ್ರ ಮರಳಿದರು. ರಾಜ್ಯ ಸರ್ಕಾರ ಸಣ್ಣ ಕೈಗಾರಿಕೆಗಳ ವಿದ್ಯುತ್ತಿನ ನಿಗದಿತ ಶುಲ್ಕವನ್ನು ಎರಡು ತಿಂಗಳ ಮಟ್ಟಿಗೆ ಮನ್ನಾ ಮಾಡಿದ್ದು ಚಿಕ್ಕದೆನಿಸಬಹುದು. ಯಂತ್ರ ತಿರುಗದಿದ್ದರೂ ಬರುವ ಆ ಬಿಲ್ಲನ್ನು ಕಂಡವರಿಗೇ ಅದರ ಬೆಲೆ ಗೊತ್ತು.

ಬೀಗ ಹಾಕಿದ್ದ ಆ ದಿನಗಳಲ್ಲಿ ನಾನು ಮಾಡಿದ ಒಂದೇ ಒಳ್ಳೆಯ ಕೆಲಸವೆಂದರೆ ಲೆಕ್ಕ ತೆಗೆದದ್ದು. ಅದುವರೆಗೆ ಒಂದು ಜೆಟ್ಟಿಗೆ ಎಷ್ಟು ಪೈಸೆ ಎಂದು ಯೋಚಿಸುತ್ತಿದ್ದೆ. ಈಗ ಒಂದೊಂದು ಯಂತ್ರ ಒಂದು ಗಂಟೆ ನಿಂತರೆ ಎಷ್ಟು, ತಿರುಗಿದರೆ ಎಷ್ಟು ಎಂದು ಬರೆದೆ. ಬಾಡಿಗೆ, ಕಂತು, ಸಂಬಳ, ಕರೆಂಟು ಎಲ್ಲ ಸೇರಿಸಿ. ಎರಡು ಟ್ರಾಬ್‌ಗಳು ವರ್ಷಗಳಿಂದ ನಷ್ಟದಲ್ಲೇ ತಿರುಗುತ್ತಿದ್ದವು ಎಂದು ಹೊರಬಿತ್ತು. ನಾಲ್ಕು ಟ್ರಾಬ್ ಮಾರಿದೆ. ಬಂದದ್ದು ಗುಜರಿಗಿಂತ ಸ್ವಲ್ಪ ಮೇಲಿನ ಬೆಲೆ. ಅವುಗಳ ಕ್ಯಾಮ್‌ಗಳನ್ನು ಅರ ಹಿಡಿದು ತಿದ್ದುತ್ತಾ ಇಪ್ಪತ್ತೆರಡು ವರ್ಷ ಕಳೆದ ನಮ್ಮ ಸೆಟ್ಟರ್ (ಯಂತ್ರಗಳನ್ನು ಕೆಲಸಕ್ಕೆ ಹೊಂದಿಸುವವರು) ಲಾರಿ ಹೊರಡುವವರೆಗೂ ಒಳಗೆ ಚಹಾ ಲೋಟ ಹಿಡಿದು ಕುಳಿತಿದ್ದರು, ಹೊರಗೆ ಬರಲಿಲ್ಲ.

ಹಣಕ್ಕೆ ಕೇಂದ್ರದ ತುರ್ತು ಸಾಲ ಖಾತರಿ ಯೋಜನೆ ನೆರವಾಯಿತು. 2020ರ ಫೆಬ್ರವರಿ 29ಕ್ಕೆ ಬಾಕಿ ಇದ್ದ ಸಾಲದ ಶೇ 20ರಷ್ಟನ್ನು ಹೊಸ ಅಡಮಾನವಿಲ್ಲದೆ ಕೊಡುತ್ತಿದ್ದರು, ಮೊದಲ ವರ್ಷ ಅಸಲು ಕಟ್ಟಬೇಕಿರಲಿಲ್ಲ. ಹಳೆಯ ಸಾಲದ ಕಂತು ಮುಂದೂಡುವ ಸೌಲಭ್ಯವನ್ನೂ ಮೂರು ತಿಂಗಳು ಬಳಸಿದೆ. ಕಂತು ನಿಂತರೂ ಬಡ್ಡಿ ನಿಲ್ಲುವುದಿಲ್ಲ ಎಂಬುದು ತಿಳಿದ ಮೇಲೆ ಬಿಟ್ಟೆ.

ಮೊದಲ ಕೆಲಸ ಬಂದದ್ದು ನಾನು ನಿರೀಕ್ಷಿಸಿರದ ಕಡೆಯಿಂದ, ಟ್ರ್ಯಾಕ್ಟರ್‌ನಿಂದ. ಊರುಗಳಲ್ಲಿ ಬೇಸಾಯ ನಿಂತಿರಲಿಲ್ಲ, ಮಳೆಯೂ ಕೈಕೊಡಲಿಲ್ಲ. 2020-21ರಲ್ಲಿ ದೇಶದೊಳಗೆ ಸುಮಾರು 9 ಲಕ್ಷ ಟ್ರ್ಯಾಕ್ಟರ್ ಮಾರಾಟವಾದವು, ಅದು ಆವರೆಗಿನ ದಾಖಲೆ. ಹೈಡ್ರಾಲಿಕ್ ಪೈಪಿನ ಉಕ್ಕಿನ ಫಿಟಿಂಗ್‌ಗಳನ್ನು ಜಾಬ್‌ವರ್ಕ್ ಆಗಿ ಹಿಡಿದೆ. ಕಚ್ಚಾ ಸಾಮಾನು ಅವರದು, ಕೂಲಿ ನಮ್ಮದು. ಲಾಭ ತೆಳು, ಆದರೆ ಸಂಬಳ ಹೊರಟಿತು.

ನಿಜವಾಗಿ ಕೈ ಹಿಡಿದದ್ದು ಮಾತ್ರ ನನ್ನ ಜೆಟ್ಟನ್ನು ನುಂಗಿದ ಅದೇ ಬಿಎಸ್ 6. ಇಂಧನ ಇಂಜೆಕ್ಷನ್ ಇರುವ ಬೈಕಿನಲ್ಲಿ ಹೊಗೆಯಲ್ಲಿನ ಆಮ್ಲಜನಕ ಅಳೆಯುವ ಸೆನ್ಸರ್ ಬೇಕು. ಅದನ್ನು ಕೂರಿಸಲು ಸೈಲೆನ್ಸರ್ ಪೈಪಿಗೆ ಬೆಸುಗೆ ಹಾಕುವ ಒಂದು ಬಾಸ್ ಬೇಕು: ಒಳಗೆ ಮರೆ (ಸ್ಕ್ರೂ ಕೂರುವ ತಿರುಪಿನ ಗೆರೆ) ಇರುವ, ಸ್ಟೇನ್‌ಲೆಸ್ ಸ್ಟೀಲಿನ ದಪ್ಪ ಉಂಗುರ. ಸ್ಯಾಂಪಲ್ ಮಾಡಿಕೊಡಿ ಎಂದು ಒಬ್ಬರು ಕೇಳಿದರು. ಹಿತ್ತಾಳೆಯಲ್ಲಿ ಮೈಕ್ರಾನ್ ಲೆಕ್ಕದಲ್ಲಿ ತೂತು ಕೊರೆದವರಿಗೆ ಇದೇನು ಮಹಾ ಎಂದುಕೊಂಡೆ.

ಮೊದಲ ವಾರದಲ್ಲಿ ಹದಿನೇಳು ಟ್ಯಾಪ್ (ತೂತಿನೊಳಗೆ ಮರೆ ಕೊರೆಯುವ ಉಪಕರಣ) ಮುರಿದೆವು. ಹಿತ್ತಾಳೆ ಪುಡಿಪುಡಿಯಾಗಿ ಉದುರುತ್ತದೆ. ಸ್ಟೇನ್‌ಲೆಸ್ ಶ್ಯಾವಿಗೆಯ ಹಾಗೆ ಉದ್ದಕ್ಕೆ ಬಂದು ಟೂಲಿಗೆ ಸುತ್ತಿಕೊಳ್ಳುತ್ತದೆ. ಹೆದರಿ ನಾನು ಫೀಡ್, ಅಂದರೆ ಟೂಲ್ ಮುಂದೆ ಸಾಗುವ ವೇಗ, ಕಡಿಮೆ ಮಾಡಿಸಿದೆ. ಅದೇ ತಪ್ಪು. ಟೂಲ್ ಕತ್ತರಿಸುವ ಬದಲು ಉಜ್ಜತೊಡಗಿದರೆ ಈ ಲೋಹ ಮೇಲ್ಪದರದಲ್ಲಿ ಗಡುಸಾಗುತ್ತದೆ. ಮುಂದಿನ ಟೂಲ್ ಆ ಗಡಸಿಗೆ ಬಡಿದು ಸಾಯುತ್ತದೆ. "ಹಿತ್ತಾಳೆ ಮಾತು ಕೇಳುತ್ತದೆ ಸಾರ್, ಇದಕ್ಕೆ ಹೆದರಿದರೆ ಹೆದರಿಸುತ್ತದೆ" ಎಂದು ಸೆಟ್ಟರ್ ತಾವೇ ಫೀಡ್ ಹೆಚ್ಚಿಸಿ, ಚೂಪು ಅಂಚಿನ ಇನ್ಸರ್ಟ್ (ಟೂಲಿನ ಕತ್ತರಿಸುವ ತುಂಡು) ಹಾಕಿಸಿ, ತಣಿಸುವ ದ್ರವದ ನಳಿಕೆಯನ್ನು ಕತ್ತರಿಸುವ ತುದಿಗೇ ನೇರ ತಿರುಗಿಸಿದರು. ಆರಪಾರ ತೂತಾದ್ದರಿಂದ ಪುಡಿಯನ್ನು ಮುಂದಕ್ಕೆ ತಳ್ಳುವ ಬಗೆಯ ಟ್ಯಾಪ್ ತರಿಸಿದೆವು. ಅದರ ಬೆಲೆ ಹಳೆಯದರ ಮೂರು ಪಟ್ಟು, ಆಯುಷ್ಯ ಹತ್ತು ಪಟ್ಟಿಗಿಂತ ಹೆಚ್ಚು. ಟ್ರಾಬ್ ಹೋದಾಗ ಹೊರಗೆ ಬಾರದಿದ್ದ ಮನುಷ್ಯ ಐವತ್ತನಾಲ್ಕನೇ ವಯಸ್ಸಿನಲ್ಲಿ ಸಿಎನ್‌ಸಿ ಪ್ರೋಗ್ರಾಮ್ ತಿದ್ದುವುದನ್ನು ಕಲಿತರು. ಕಲಿಸಿದ್ದು ಡಿಪ್ಲೊಮಾ ಮುಗಿಸಿ ಬಂದ ತುಮಕೂರಿನ ಹುಡುಗಿ. ಅವರು ಅವಳನ್ನು ಮೊದಲು ತಂಗಿ ಎನ್ನುತ್ತಿದ್ದರು, ಈಗ ಮೇಡಂ ಎನ್ನುತ್ತಾರೆ, ಅರ್ಧ ತಮಾಷೆಗೆ.

2021ರಲ್ಲಿ ಚಿಪ್ ಕೊರತೆಯಿಂದ ವಾಹನ ತಯಾರಿಕೆ ಕುಂಟುತ್ತಿದೆ ಎಂದು ಟಿವಿಯಲ್ಲಿ ಬಂದಾಗ, ನಮ್ಮ ಹೆಲ್ಪರ್ ಲೇತ್ ಕೆಳಗಿಂದ ಗೋಣಿಗೆ ತುಂಬಿದ್ದ, ನಾವು ಚಿಪ್ ಎಂದೇ ಕರೆಯುವ ಲೋಹದ ಚೂರುಗಳನ್ನು ತೋರಿಸಿ, "ಇಲ್ಲಿ ಬೇಕಾದಷ್ಟು ಚಿಪ್ ಇದೆಯಲ್ಲ!" ಎಂದ. ನಕ್ಕೆವು. ಮರುವಾರ ನಮ್ಮ ಶೆಡ್ಯೂಲಿನಲ್ಲೂ ಕಡಿತ ಬಂತು. ವರ್ಷದ ಕೊನೆಗೆ ತುಮಕೂರು ರಸ್ತೆಯ ಮೇಲ್ಸೇತುವೆ ಮುಚ್ಚಿ, ಸಾಮಾನು ತರುವ ಲಾರಿ ಕೆಳಗಿನ ರಸ್ತೆಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತಿದ್ದದ್ದು ಬೇರೆ.

ಪ್ರಯಾಣಿಕ ವಾಹನಗಳು 2022-23ರಲ್ಲಿ 38.9 ಲಕ್ಷ, ಮರುವರ್ಷ 42 ಲಕ್ಷ ದಾಟಿದಾಗ ಪತ್ರಿಕೆಗಳು ಉದ್ಯಮ ಚೇತರಿಸಿತು ಎಂದು ಬರೆದವು. ಕಾರಿನ ಮಟ್ಟಿಗೆ ಸರಿ. ದ್ವಿಚಕ್ರ ವಾಹನಗಳು 2018-19ರಲ್ಲಿ 2.1 ಕೋಟಿ ಮಾರಾಟವಾಗಿದ್ದವು, 2024-25ರಲ್ಲೂ ಆ ಮಟ್ಟ ಮುಟ್ಟಿರಲಿಲ್ಲ. ನನಗೆ ಹೆಚ್ಚು ಉಪಕಾರವಾದದ್ದು ಆದಾಯ ತೆರಿಗೆಯ ಒಂದು ತಿದ್ದುಪಡಿ: ಸಣ್ಣ ಉದ್ದಿಮೆಗೆ ಒಪ್ಪಂದವಿದ್ದರೂ 45 ದಿನಗಳೊಳಗೆ ಹಣ ಕೊಡದ ಖರೀದಿದಾರ ಆ ಖರ್ಚನ್ನು ನಿಜವಾಗಿ ಹಣ ಕೊಟ್ಟ ವರ್ಷದ ತೆರಿಗೆ ಲೆಕ್ಕಕ್ಕೆ ಮಾತ್ರ ತೋರಿಸಬಹುದು ಎಂಬುದು. ನೂರಿಪ್ಪತ್ತು ದಿನ ಸತಾಯಿಸುತ್ತಿದ್ದ ಒಬ್ಬ ಗಿರಾಕಿ 2024ರ ಮಾರ್ಚ್‌ನಲ್ಲಿ ತಾನಾಗಿಯೇ ಫೋನ್ ಮಾಡಿ ಬಾಕಿ ಎಷ್ಟು ಎಂದು ಕೇಳಿದ.

ಎಲೆಕ್ಟ್ರಿಕ್ ಸ್ಕೂಟರಿಗೆ ಸೈಲೆನ್ಸರ್ ಇಲ್ಲ, ಆದ್ದರಿಂದ ಬಾಸ್ ಕೂಡ ಇಲ್ಲ. ಈ ಸಲ ಅದನ್ನು ಮೆಕ್ಯಾನಿಕ್ ಅಂಗಡಿಯಲ್ಲಿ ತಿಳಿದುಕೊಳ್ಳಬೇಕಾಗಿ ಬರಲಿಲ್ಲ. ಮೋಟಾರಿನ ಶಾಫ್ಟ್ ಒಂದರ ಡ್ರಾಯಿಂಗ್ ಆರು ತಿಂಗಳಿಂದ ಮೇಜಿನ ಮೇಲಿದೆ. ಎರಡು ಸ್ಯಾಂಪಲ್ ಓಟ (ತಿರುಗುವಾಗಿನ ಓಲಾಟ) ಜಾಸ್ತಿ ಇದೆ ಎಂದು ತಿರಸ್ಕೃತವಾಗಿವೆ. ಮೂರನೆಯದನ್ನು ಸೆಟ್ಟರ್ ಮತ್ತು ಮೇಡಂ ಸೇರಿ ಆ ಓಲಾಟ ಅಳೆಯುವ ಡಯಲ್ ಗೇಜ್ ಹಚ್ಚಿ ತಿರುಗಿಸುತ್ತಿದ್ದಾರೆ.